‘ಜಾಯಿನ್’ ಪದವನ್ನು ಬಳಸುವುದು ಹೇಗೆ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಅಥವಾ ಪದವಿ ಮುಗಿಸಿ, ಮೊದಲ ನೇಮಕಾತಿ ಪತ್ರ ಕೈಗೆ ಬಂದ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾಗಿ ಬಂದವರಿಗಾಗಿ ಈ ಬರಹ. ‘ಜಾಯಿನ್’ ಎಂಬ ಪದ ಇವರಲ್ಲಿ ಯಾರಿಗೂ ಹೊಸದಲ್ಲ. ‘ಡ್ಯೂಟಿಗೆ ಜಾಯಿನ್ ಆದೆ’, ‘ಕೋಚಿಂಗ್‌ಗೆ ಜಾಯಿನ್ ಆಗೀನಿ’, ‘ಮೀಟಿಂಗ್‌ಗೆ ಜಾಯಿನ್ ಆಗ್ರಿ’ ಎಂದು ನಾವು ದಿನವೂ ಆಡುತ್ತೇವೆ. ತೊಡಕು ಇರುವುದು ಅಲ್ಲಿಯೇ. ಕನ್ನಡದ ನಡುವೆ ಬಳಸುವಾಗ ಅದರ ಹಿಂದೆ ಮುಂದೆ ಕನ್ನಡದ ವಿಭಕ್ತಿಗಳು ಬಂದು ಕೂರುತ್ತವೆ. ಅದನ್ನೇ ಇಂಗ್ಲಿಷ್ ವಾಕ್ಯಕ್ಕೆ ಒಯ್ದಾಗ ಆ ವಿಭಕ್ತಿಗಳೂ ವೇಷ ಬದಲಿಸಿಕೊಂಡು ಜೊತೆಗೆ ಬರುತ್ತವೆ.

ಶಬ್ದಕೋಶದಲ್ಲಿ ಈ ಕ್ರಿಯಾಪದಕ್ಕೆ ಸೇರು, ಕೂಡು, ಜೋಡಿಸು, ಕೂಡಿಸು, ಹೊಂದಿಸು, ಒಂದಾಗು ಎಂದು ಸಾಲಾಗಿ ಅರ್ಥಗಳಿವೆ. ಅವನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಪದದ ಅರ್ಥವನ್ನು ತೀರ್ಮಾನಿಸುವುದು ಅದರ ಮುಂದೆ ಬರುವ ಪದ. ಮುಂದೆ ಏನೂ ಇಲ್ಲದೆ ನೇರವಾಗಿ ನಾಮಪದ ಬಂದರೆ ಒಂದು ಅರ್ಥ, ‘ಟು’ ಬಂದರೆ ಇನ್ನೊಂದು, ‘ಇನ್’ ಬಂದರೆ ಮತ್ತೊಂದು. ಆದ್ದರಿಂದ ಕೆಳಗಿನ ಹಂತಗಳಲ್ಲಿ ಅರ್ಥಕ್ಕಿಂತ ಹೆಚ್ಚಾಗಿ ಈ ನೆರೆಹೊರೆಯ ಕಡೆಗೆ ಗಮನ ಕೊಡಲಾಗಿದೆ.

ಹಂತ 1: ರೂಪ ಮತ್ತು ಉಚ್ಚಾರ

ಇದು ಬೇಗ ಮುಗಿಯುವ ಕೆಲಸ. ಜಾಯಿನ್, ಜಾಯಿನ್ಸ್, ಜಾಯಿನಿಂಗ್, ಜಾಯಿನ್ಡ್ ಎಂಬ ನಾಲ್ಕೇ ರೂಪಗಳು. ವಿಲಕ್ಷಣವಾದದ್ದು ಯಾವುದೂ ಇಲ್ಲ. ಉಚ್ಚಾರದಲ್ಲಿ ಮಾತ್ರ ಎರಡು ಎಚ್ಚರಿಕೆ ಬೇಕು. ನಾವು ಇದನ್ನು ‘ಜಾ’ ಮತ್ತು ‘ಯಿನ್’ ಎಂದು ಎರಡು ತುಂಡು ಮಾಡಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು ಒಂದೇ ಉಸಿರಿನಲ್ಲಿ ಮುಗಿಯುವ ‘ಜಾಯ್ನ್’. ಹಾಗೆಯೇ ಭೂತಕಾಲದ ರೂಪವನ್ನು ಬರೆದಂತೆ ಓದಿ ‘ಜಾಯಿನೆಡ್’ ಎನ್ನಬಾರದು. ಕೊನೆಯ ‘ಡ್’ ಸದ್ದು ಹಿಂದಿನ ‘ನ್’ಗೆ ಅಂಟಿಕೊಂಡೇ ಹೊರಡಬೇಕು.

ಹಂತ 2: ‘ಸೇರು’ ಮತ್ತು ‘ಸೇರಿಸು’ ಇವೆರಡನ್ನು ಬೇರ್ಪಡಿಸಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ಸಮಯ ಕೊಡಲು ಸಾಧ್ಯವೆನ್ನುವವರು ಇದೊಂದನ್ನು ಓದಿದರೂ ಸಾಕು.

‘ಐ ಜಾಯಿನ್ಡ್ ಟು ಕಾಲೇಜ್’, ‘ಶಿ ಜಾಯಿನ್ಡ್ ಇನ್ ಬ್ಯಾಂಕ್’ ಎಂಬ ವಾಕ್ಯಗಳು ನಮ್ಮ ಭಾಗದ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಕಾರಣ ಸ್ಪಷ್ಟ. ಕನ್ನಡದಲ್ಲಿ ‘ಕಾಲೇಜಿಗೆ ಸೇರಿದೆ’ ಎನ್ನುತ್ತೇವೆ. ಆ ‘ಗೆ’ ಪ್ರತ್ಯಯ ಇಂಗ್ಲಿಷಿಗೆ ಹೋಗುವಾಗ ‘ಟು’ ಅಥವಾ ‘ಇನ್’ ಆಗುತ್ತದೆ. ಇಂಗ್ಲಿಷಿನ ‘ಜಾಯಿನ್’ ಈ ಅರ್ಥದಲ್ಲಿ ಯಾವ ಉಪಸರ್ಗವನ್ನೂ (ಪ್ರಿಪೊಸಿಷನ್) ಬಯಸುವುದಿಲ್ಲ. ‘ಐ ಜಾಯಿನ್ಡ್ ದ ಕಾಲೇಜ್’, ‘ಶಿ ಜಾಯಿನ್ಡ್ ದ ಬ್ಯಾಂಕ್’ ಎಂಬಲ್ಲಿಗೆ ಮುಗಿಯಿತು.

ಇದನ್ನು ನಿಯಮವೆಂದು ಕಂಠಪಾಠ ಮಾಡಬೇಕಾಗಿಲ್ಲ, ಏಕೆಂದರೆ ಕನ್ನಡದಲ್ಲಿಯೇ ಇದಕ್ಕೆ ಸರಿಹೊಂದುವ ರಚನೆಯೊಂದಿದೆ. ‘ಅಣ್ಣ ಸೈನ್ಯ ಸೇರಿದ’, ‘ತಂಗಿ ಬ್ಯಾಂಕ್ ಸೇರಿದಳು’, ‘ಹೊಳೆ ಕಡಲು ಸೇರಿತು’ ಎಂಬ ವಾಕ್ಯಗಳನ್ನು ಗಮನಿಸಿ. ಇಲ್ಲಿ ‘ಗೆ’ ಇಲ್ಲ, ಆದರೂ ಅರ್ಥಕ್ಕೆ ಯಾವ ಕುಂದೂ ಬಂದಿಲ್ಲ. ಇಂಗ್ಲಿಷಿಗೆ ಹೋಗುವ ಮುನ್ನ ನಿಮ್ಮ ಮನಸ್ಸಿನ ಕನ್ನಡ ವಾಕ್ಯದಿಂದ ‘ಗೆ’ಯನ್ನು ಒಮ್ಮೆ ತೆಗೆದು ನೋಡಿ. ತೆಗೆದ ಮೇಲೂ ವಾಕ್ಯ ನಿಂತರೆ ಇಂಗ್ಲಿಷಿನಲ್ಲೂ ‘ಟು’ ಬೇಡ. ‘ಸೈನ್ಯ ಸೇರಿದ’ ಎಂಬುದರಿಂದ ‘ಹಿ ಜಾಯಿನ್ಡ್ ದ ಆರ್ಮಿ’ ಸಲೀಸಾಗಿ ಬರುತ್ತದೆ.

ಈಗ ಇನ್ನೊಂದು ವಾಕ್ಯ: ‘ಈ ಪೈಪನ್ನು ಆ ಪೈಪಿಗೆ ಸೇರಿಸು.’ ಇಲ್ಲಿ ‘ಗೆ’ ತೆಗೆದರೆ ಯಾವುದನ್ನು ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ. ಕ್ರಿಯಾಪದವೂ ‘ಸೇರು’ ಅಲ್ಲ, ‘ಸೇರಿಸು’. ಒಬ್ಬ ಮಾಡುವವನು, ಎರಡು ವಸ್ತುಗಳು. ಇಂಥಲ್ಲಿ ಇಂಗ್ಲಿಷಿನಲ್ಲೂ ‘ಟು’ ಬೇಕೇ ಬೇಕು: ‘ಜಾಯಿನ್ ದಿಸ್ ಪೈಪ್ ಟು ದ್ಯಾಟ್ ಪೈಪ್.’ ಕನ್ನಡ ಎರಡು ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುವುದನ್ನು ಇಂಗ್ಲಿಷ್ ಒಂದೇ ‘ಜಾಯಿನ್’ನಿಂದ ಹೇಳುತ್ತದೆ, ವ್ಯತ್ಯಾಸವನ್ನು ತೋರಿಸುವ ಹೊಣೆಯನ್ನು ‘ಟು’ಗೆ ಬಿಡುತ್ತದೆ. ಆ ‘ಟು’ವನ್ನು ಬೇಡದ ಕಡೆ ತಂದರೆ ಓದುವವನಿಗೆ ನೀವು ಕಾಲೇಜಿನ ಗೋಡೆಗೆ ಏನನ್ನೋ ಬೆಸೆಯುತ್ತಿರುವಂತೆ ಕೇಳುತ್ತದೆ.

ಹಂತ 3: ‘ಸೇರು’ ಇರುವಲ್ಲೆಲ್ಲ ‘ಜಾಯಿನ್’ ಹಾಕಬೇಡಿ

ಕನ್ನಡದ ‘ಸೇರು’ ಬಹಳ ದೂರ ಓಡಾಡುವ ಪದ. ‘ಜಾಯಿನ್’ ಅದರ ಹಿಂದೆ ಎಲ್ಲ ಕಡೆಗೂ ಬರುವುದಿಲ್ಲ.

‘ರಾತ್ರಿ ಹತ್ತಕ್ಕೆ ಊರು ಸೇರಿದೆವು’ ಎಂಬಲ್ಲಿ ಬೇಕಾದದ್ದು ‘ರೀಚ್ಡ್’. ‘ಜಾತ್ರೆಗೆ ಜನ ಸೇರಿದ್ದರು’ ಎಂಬಲ್ಲಿ ‘ಗ್ಯಾದರ್ಡ್’. ಕೊಪ್ಪಳದ ಗವಿಮಠದ ಜಾತ್ರೆಯನ್ನು ಕುರಿತ ಪ್ರಬಂಧದಲ್ಲಿ ‘ಲ್ಯಾಕ್ಸ್ ಆಫ್ ಪೀಪಲ್ ಜಾಯಿನ್ಡ್’ ಎಂದು ನಿಲ್ಲಿಸಿದರೆ, ಯಾವುದನ್ನು ಸೇರಿದರು ಎಂಬ ಪ್ರಶ್ನೆ ಉಳಿಯುತ್ತದೆ. ‘ಚಹಾಕ್ಕೆ ಸಕ್ಕರೆ ಸೇರಿಸು’ ಎಂಬುದಕ್ಕೆ ‘ಆ್ಯಡ್’ ಬೇಕು. ‘ಅವರಿಬ್ಬರಿಗೂ ಸೇರುವುದಿಲ್ಲ’ ಎಂಬುದಕ್ಕೆ ‘ದೇ ಡೋಂಟ್ ಗೆಟ್ ಆನ್’. ‘ಜ್ವರ ಬಂದಾಗಿಂದ ಊಟ ಸೇರವಲ್ದು’ ಎಂದು ನಮ್ಮ ಹಿರಿಯರು ಹೇಳುವ ಮಾತಿಗಂತೂ ‘ಜಾಯಿನ್’ ಹತ್ತಿರವೂ ಸುಳಿಯಬಾರದು. ಅದು ‘ನೋ ಆ್ಯಪಟೈಟ್’.

ಇವೆಲ್ಲಕ್ಕಿಂತ ಹೆಚ್ಚಾಗಿ ಎಡವುವ ಜಾಗಗಳು ಎರಡಿವೆ. ಮೊದಲನೆಯದು ಶಾಲೆ. ‘ಮಗನನ್ನು ಶಾಲೆಗೆ ಸೇರಿಸಿದೆ’ ಎಂಬುದು ‘ಐ ಜಾಯಿನ್ಡ್ ಮೈ ಸನ್ ಟು ಸ್ಕೂಲ್’ ಆಗುವುದಿಲ್ಲ. ಹಿಂದಿನ ಹಂತದ ಪ್ರಕಾರ ಇಲ್ಲಿ ‘ಸೇರಿಸು’ ಇದೆ, ‘ಗೆ’ ಇದೆ, ಆದ್ದರಿಂದ ‘ಟು’ ಸರಿಯಲ್ಲವೇ ಎಂದು ಕೇಳಬಹುದು. ಆದರೆ ‘ಜಾಯಿನ್ ... ಟು’ ಎಂಬ ಜೋಡಿ ವಸ್ತುಗಳಿಗೆ ಮೀಸಲಾದದ್ದು. ಮನುಷ್ಯನನ್ನು ಸಂಸ್ಥೆಗೆ ಸೇರಿಸುವುದಕ್ಕೆ ‘ಎನ್‌ರೋಲ್’ ಎಂಬ ಪದವಿದೆ. ‘ಐ ಎನ್‌ರೋಲ್ಡ್ ಮೈ ಸನ್ ಇನ್ ದ ಸ್ಕೂಲ್’ ಎನ್ನಬೇಕು. ಶಾಲೆಯವರು ಮಾಡುವ ಕೆಲಸ ‘ಅಡ್ಮಿಟ್’, ಪಾಲಕರು ಮಾಡುವುದು ‘ಎನ್‌ರೋಲ್’ ಎಂಬ ಸಣ್ಣ ಅಂತರವನ್ನೂ ನೆನಪಿಡುವುದು ಒಳ್ಳೆಯದು.

ಎರಡನೆಯದು ಆಸ್ಪತ್ರೆ. ‘ತಂದೆಯವರು ಆಸ್ಪತ್ರೆ ಸೇರಿದ್ದಾರೆ, ಎರಡು ದಿನ ರಜೆ ಬೇಕು’ ಎಂದು ಬರೆಯಲು ಹೊರಟವರು ‘ಮೈ ಫಾದರ್ ಹ್ಯಾಸ್ ಜಾಯಿನ್ಡ್ ದ ಹಾಸ್ಪಿಟಲ್’ ಎಂದು ಬರೆದರೆ, ವ್ಯಾಕರಣದ ದೃಷ್ಟಿಯಿಂದ ಅದು ಲೋಪವಿಲ್ಲದ ವಾಕ್ಯ. ಅರ್ಥ ಮಾತ್ರ ತಂದೆಯವರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದಾಗುತ್ತದೆ. ರಜೆ ಕೊಡುವ ಅಧಿಕಾರಿ ಅಭಿನಂದನೆ ಹೇಳಿದರೆ ಆಶ್ಚರ್ಯಪಡಬೇಕಿಲ್ಲ. ‘ಹ್ಯಾಸ್ ಬೀನ್ ಅಡ್ಮಿಟೆಡ್ ಟು ಹಾಸ್ಪಿಟಲ್’ ಎಂಬುದು ಇಲ್ಲಿ ಬೇಕಾದ ಮಾತು.

ಹಂತ 4: ವಸ್ತುಗಳನ್ನು ಜೋಡಿಸುವಾಗ ಮೂರು ಪಾತ್ರಗಳನ್ನು ಗುರುತಿಸಿ

ಜೋಡಿಸುವ ಕೆಲಸದಲ್ಲಿ ಜೋಡಿಸಲಾಗುವ ವಸ್ತು, ಅದನ್ನು ಪಡೆಯುವ ವಸ್ತು, ನಡುವಿನ ಸಾಧನ ಎಂದು ಮೂರು ಪಾತ್ರಗಳಿರುತ್ತವೆ. ಮೊದಲನೆಯದು ಕ್ರಿಯಾಪದದ ಪಕ್ಕದಲ್ಲೇ ನಿಲ್ಲುತ್ತದೆ, ಎರಡನೆಯದಕ್ಕೆ ‘ಟು’ ಬರುತ್ತದೆ, ಮೂರನೆಯದಕ್ಕೆ ‘ವಿತ್’ ಬರುತ್ತದೆ.

ಕುಷ್ಟಗಿಯ ಪಕ್ಕದಲ್ಲೇ ಇರುವ ಇಳಕಲ್ಲಿನ ಸೀರೆಯನ್ನು ತೆಗೆದುಕೊಳ್ಳಿ. ಅದರ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು, ಇಂಗ್ಲಿಷಿನಲ್ಲಿ ‘ವಾರ್ಪ್’) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಬೇರೆಯಾಗಿಯೇ ಸಿದ್ಧಮಾಡಿಕೊಂಡು, ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆಯಂತೆ ಸಿಕ್ಕಿಸಿ ಮಗ್ಗದ ಮೇಲೆ ಒಂದಾಗಿಸುತ್ತಾರೆ. ಇದಕ್ಕೆ ಕೊಂಡಿ ಹಾಕುವುದು ಎಂದೇ ಹೆಸರು. ಸೀರೆಯನ್ನು ಬೆಳಕಿಗೆ ಹಿಡಿದರೆ ಒಡಲು ಮುಗಿದು ಸೆರಗು ಶುರುವಾಗುವ ಗೆರೆಯಲ್ಲಿ ಈ ಕೊಂಡಿಗಳ ಸಾಲು ಕಾಣುತ್ತದೆ. ಈ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳುವಾಗ ಮೂರೂ ಪಾತ್ರಗಳು ತಮ್ಮ ತಮ್ಮ ಜಾಗದಲ್ಲಿ ಬರುತ್ತವೆ: ‘ದ ವೀವರ್ ಜಾಯಿನ್ಸ್ ದ ಪಲ್ಲು ವಾರ್ಪ್ ಟು ದ ಬಾಡಿ ವಾರ್ಪ್ ವಿತ್ ಲೂಪ್ಸ್.’ ಎರಡು ಹಾಸುಗಳಲ್ಲಿ ಯಾವುದೂ ಮುಖ್ಯವಲ್ಲ, ಎರಡೂ ಸಮಾನ ಎಂದು ತೋರಿಸಬೇಕಾದರೆ ‘ಟು’ ಬಿಟ್ಟು ‘ಜಾಯಿನ್ಸ್ ದ ಟೂ ವಾರ್ಪ್ಸ್ ಟುಗೆದರ್’ ಎನ್ನಬಹುದು.

ಸಾಧನದ ಬದಲು ವಿಧಾನವನ್ನು ಹೇಳುವುದಾದರೆ ‘ವಿತ್’ ಹೋಗಿ ‘ಬೈ’ ಬರುತ್ತದೆ. ತೋರಣಗಲ್ಲಿನ ಕಡೆ ಕೆಲಸ ಹುಡುಕುವ ವೆಲ್ಡರ್ ಹುಡುಗರಿಗೆ ಇದು ಸಂದರ್ಶನದಲ್ಲಿ ಬೇಕಾಗುವ ಮಾತು. ‘ದ ಪ್ಲೇಟ್ಸ್ ಆರ್ ಜಾಯಿನ್ಡ್ ಬೈ ವೆಲ್ಡಿಂಗ್’ ಎನ್ನಬೇಕು; ‘ವಿತ್ ಬೋಲ್ಟ್ಸ್’ ಎಂದರೆ ಬೋಲ್ಟು ಎಂಬ ವಸ್ತುವಿನಿಂದ. ಬಟ್, ಲ್ಯಾಪ್, ಟೀ, ಕಾರ್ನರ್, ಎಜ್ ಎಂದು ವೆಲ್ಡಿಂಗ್‌ನಲ್ಲಿ ಕಲಿಸುವ ಐದು ಮೂಲ ಬಗೆಗಳಿಗೆ ‘ಜಾಯಿಂಟ್’ ಎಂಬ ಹೆಸರಿದೆ. ಅದು ನಾಮಪದ. ನಮ್ಮ ಅಂಗಡಿಗಳಲ್ಲಿ ‘ಪೈಪ್ ಜಾಯಿಂಟ್ ಮಾಡು’, ‘ವೈರ್ ಜಾಯಿಂಟ್ ಹೊಡಿ’ ಎಂದು ಅದನ್ನೇ ಕ್ರಿಯಾಪದವನ್ನಾಗಿ ಮಾಡಿಕೊಂಡಿದ್ದೇವೆ. ವಿದ್ಯುತ್ ಕೇಬಲ್ ಕೆಲಸದಲ್ಲಿ ‘ಕೇಬಲ್ ಜಾಯಿಂಟರ್’ ಎಂಬ ಹುದ್ದೆಯೂ ಇದೆ. ಆದರೆ ಇಂಗ್ಲಿಷರ ಅಡುಗೆಮನೆಯಲ್ಲಿ ಕೋಳಿಯನ್ನು ‘ಜಾಯಿಂಟ್’ ಮಾಡುವುದೆಂದರೆ ಕೀಲು ಕೀಲಿಗೆ ಕತ್ತರಿಸಿ ಬಿಡಿಸುವುದು! ಕೂಡಿಸುವುದಕ್ಕೆ ‘ಜಾಯಿನ್’ ಎನ್ನುವುದೇ ಕ್ಷೇಮ.

ಹಂತ 5: ನದಿ, ರಸ್ತೆ, ರೈಲು

ಇಲ್ಲಿ ಮಾಡುವವರು ಯಾರೂ ಇಲ್ಲ. ವಸ್ತುಗಳು ತಾವಾಗಿಯೇ ಸೇರುತ್ತವೆ. ಆದ್ದರಿಂದ ಎರಡನೆಯ ಹಂತದ ‘ಗೆ’ ಪರೀಕ್ಷೆ ಇಲ್ಲಿಯೂ ಕೆಲಸ ಮಾಡುತ್ತದೆ. ‘ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ’ ಎಂಬುದು ‘ದ ಭೀಮಾ ಜಾಯಿನ್ಸ್ ದ ಕೃಷ್ಣಾ ನಾರ್ತ್ ಆಫ್ ರಾಯಚೂರು’ ಆಗುತ್ತದೆ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ರಸ್ತೆ ಹಿಟ್ನಾಳದ ಬಳಿ ಕುಷ್ಟಗಿ ಕಡೆಯಿಂದ ಬರುವ ಹೆದ್ದಾರಿಯನ್ನು ಸೇರುವುದನ್ನೂ ಹೀಗೆಯೇ ಹೇಳಬಹುದು.

ಇಬ್ಬರನ್ನೂ ಒಟ್ಟಿಗೆ ಕರ್ತೃ ಸ್ಥಾನದಲ್ಲಿ ನಿಲ್ಲಿಸಿದರೆ ಕರ್ಮಪದವೇ ಬೇಡ. ‘ದ ತುಂಗಾ ಆ್ಯಂಡ್ ದ ಭದ್ರಾ ಜಾಯಿನ್ ಅಟ್ ಕೂಡ್ಲಿ’ ಎಂಬುದು ಪೂರ್ಣ ವಾಕ್ಯ. ಈ ಎರಡು ರಚನೆಗಳ ನಡುವೆ ಅರ್ಥದ ಅಂತರವೂ ಇದೆ. ಭೀಮೆ ಕೃಷ್ಣೆಯನ್ನು ಸೇರಿದ ಮೇಲೆ ನದಿಯ ಹೆಸರು ಕೃಷ್ಣೆಯೇ. ಸೇರುವುದು ಉಪನದಿ, ಉಳಿಯುವುದು ಮುಖ್ಯ ನದಿ. ತುಂಗೆ ಭದ್ರೆಯರು ಕೂಡ್ಲಿಯಲ್ಲಿ ಸೇರಿದ ಮೇಲೆ ಇಬ್ಬರ ಹೆಸರೂ ಉಳಿಯುವಂತೆ ತುಂಗಭದ್ರೆ ಹುಟ್ಟುತ್ತದೆ. ಒಬ್ಬರು ಇನ್ನೊಬ್ಬರೊಳಗೆ ಹೋಗುವಾಗ ಮೊದಲ ರಚನೆ, ಸಮಾನರು ಕೂಡುವಾಗ ಎರಡನೆಯ ರಚನೆ ಎಂದು ಇಟ್ಟುಕೊಂಡರೆ ತಪ್ಪಾಗಲಾರದು.

ರೈಲು ಮಾರ್ಗಕ್ಕೆ ಬಂದರೆ ಕಟ್ಟುವವರು ಬರುತ್ತಾರೆ, ಆದ್ದರಿಂದ ವಾಕ್ಯ ಕರ್ಮಣಿ ಪ್ರಯೋಗಕ್ಕೆ ತಿರುಗುತ್ತದೆ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯೂ ಹಳಿ ಹಾಕಿಕೊಂಡು ಬಂದು 1871ರಲ್ಲಿ ಸಂಧಿಸಿದ್ದು ರಾಯಚೂರಿನಲ್ಲಿ. ಮುಂಬಯಿ ಮತ್ತು ಮದ್ರಾಸುಗಳ ನಡುವಿನ ನೇರ ರೈಲು ಮಾರ್ಗ ಪೂರ್ಣಗೊಂಡದ್ದು ಹಾಗೆ. ‘ದ ಟೂ ಲೈನ್ಸ್ ವರ್ ಜಾಯಿನ್ಡ್ ಅಟ್ ರಾಯಚೂರು ಇನ್ 1871.’ ರಾಯಚೂರಿನ ಸ್ಪರ್ಧಾ ಪರೀಕ್ಷಾರ್ಥಿಗೆ ಈ ವಾಕ್ಯದಲ್ಲಿ ವ್ಯಾಕರಣವೂ ಸಾಮಾನ್ಯ ಜ್ಞಾನವೂ ಒಟ್ಟಿಗೆ ದೊರೆಯುತ್ತವೆ.

ಹಂತ 6: ಕೆಲಸಕ್ಕೆ ಸೇರುವಾಗ ಬರೆಯಬೇಕಾದ ಇಂಗ್ಲಿಷ್

ರಾಜ್ಯ ಸರ್ಕಾರದ ಕಚೇರಿಗಳಲ್ಲಿ ‘ಕರ್ತವ್ಯಕ್ಕೆ ಹಾಜರಾಗಿರುತ್ತೇನೆ’ ಎಂಬ ವರದಿಯನ್ನು ಕನ್ನಡದಲ್ಲಿಯೇ ಕೊಡಬಹುದು. ಬ್ಯಾಂಕು, ರೈಲ್ವೆ, ಕಾರ್ಖಾನೆಗಳಲ್ಲಿ ಇಂಗ್ಲಿಷ್ ಬೇಕಾಗುತ್ತದೆ. ಇಲ್ಲಿ ನಾಲ್ಕು ವಿಷಯಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

‘ಜಾಯಿನ್’ ಆಗುವುದು ಸಂಸ್ಥೆಯನ್ನು, ಕೆಲಸವನ್ನಲ್ಲ. ‘ಐ ಜಾಯಿನ್ಡ್ ದ ಕಂಪನಿ’ ಸರಿ. ‘ಐ ಜಾಯಿನ್ಡ್ ದ ಜಾಬ್’ ಸರಿಯಲ್ಲ. ಕೆಲಸಕ್ಕೆ ‘ಸ್ಟಾರ್ಟೆಡ್’ ಅಥವಾ ‘ಟುಕ್ ಅಪ್’ ಬಳಸಬೇಕು. ಹಾಗೆಯೇ ಪಕ್ಷವನ್ನು ‘ಜಾಯಿನ್’ ಆಗಬಹುದು, ರಾಜಕೀಯಕ್ಕೆ ‘ಎಂಟರ್’ ಆಗಬೇಕು. ಹುದ್ದೆಯ ಹೆಸರನ್ನು ಹೇಳಲು ‘ಆ್ಯಸ್’ ಬರುತ್ತದೆ: ‘ಶಿ ಜಾಯಿನ್ಡ್ ದ ಬ್ಯಾಂಕ್ ಆ್ಯಸ್ ಅ ಕ್ಲರ್ಕ್.’

‘ಜಾಯಿನ್ ಡ್ಯೂಟಿ’, ‘ಜಾಯಿನಿಂಗ್ ರಿಪೋರ್ಟ್’, ‘ಜಾಯಿನಿಂಗ್ ಡೇಟ್’ ಎಂಬವು ಭಾರತದ ಕಚೇರಿಗಳ ಇಂಗ್ಲಿಷ್. ವರ್ಗಾವಣೆಯಾದವರಿಗೆ ಹೊಸ ಸ್ಥಳ ತಲುಪಲು ಕೊಡುವ ಅವಧಿಗೆ ಸೇವಾ ನಿಯಮಗಳಲ್ಲಿಯೇ ‘ಜಾಯಿನಿಂಗ್ ಟೈಮ್’ ಎಂಬ ಹೆಸರಿದೆ. ಇವನ್ನು ತಪ್ಪೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ದೇಶದ ತುಂಬ ಎಲ್ಲರಿಗೂ ಅರ್ಥವಾಗುವ, ನಿಯಮಗಳಲ್ಲಿ ಮುದ್ರಿತವಾದ ಪದ ತಪ್ಪಾಗುವುದು ಹೇಗೆ? ಆದರೆ ವಿದೇಶಿ ಕಂಪನಿಗೆ ಬರೆಯುವಾಗ ‘ರಿಪೋರ್ಟ್ ಫಾರ್ ಡ್ಯೂಟಿ’ ಅಥವಾ ‘ಸ್ಟಾರ್ಟ್ ಡೇಟ್’ ಹೆಚ್ಚು ಸುಲಭವಾಗಿ ತಲುಪುತ್ತದೆ.

ಕಾಲದ ವಿಷಯ ಇನ್ನೂ ಮುಖ್ಯ. ‘ಜಾಯಿನ್’ ಆಗುವುದು ಒಂದು ಕ್ಷಣದಲ್ಲಿ ಮುಗಿಯುವ ಕ್ರಿಯೆ. ತಾರೀಖು ಹೇಳಿದ ಮೇಲೆ ‘ಹ್ಯಾವ್’ ಬರಕೂಡದು. ‘ಐ ಹ್ಯಾವ್ ಜಾಯಿನ್ಡ್ ಆನ್ 3 ಜೂನ್’ ಎಂಬುದು ತಪ್ಪು, ‘ಐ ಜಾಯಿನ್ಡ್ ಆನ್ 3 ಜೂನ್’ ಸರಿ. ‘ನಾನು ಸೇರಿ ಮೂರು ವರ್ಷವಾಯಿತು’ ಎಂಬುದಕ್ಕೆ ‘ಐ ಜಾಯಿನ್ಡ್ ತ್ರೀ ಇಯರ್ಸ್ ಅಗೋ’ ಎನ್ನಬೇಕು, ಇಲ್ಲವೇ ಕ್ರಿಯಾಪದವನ್ನೇ ಬದಲಿಸಿ ‘ಐ ಹ್ಯಾವ್ ಬೀನ್ ವಿತ್ ದ ಬ್ಯಾಂಕ್ ಫಾರ್ ತ್ರೀ ಇಯರ್ಸ್’ ಎನ್ನಬೇಕು.

ವರದಿಯ ಮುಖ್ಯ ವಾಕ್ಯ ಹೀಗಿರಲಿ: ‘ವಿತ್ ರೆಫರೆನ್ಸ್ ಟು ದ ಅಪಾಯಿಂಟ್‌ಮೆಂಟ್ ಆರ್ಡರ್ ಸೈಟೆಡ್ ಅಬೋವ್, ಐ ಜಾಯಿನ್ಡ್ ದಿಸ್ ಆಫೀಸ್ ಆ್ಯಸ್ ಅ ಜೂನಿಯರ್ ಅಸಿಸ್ಟೆಂಟ್ ಇನ್ ದ ಫೋರ್‌ನೂನ್ ಆಫ್ 3 ಜೂನ್.’ ‘ಫೋರ್‌ನೂನ್’ ಎಂಬುದು ಪೂರ್ವಾಹ್ನ. ಅದನ್ನು ಅಲಂಕಾರಕ್ಕೆಂದು ಬರೆಯುವುದಲ್ಲ. ಮಧ್ಯಾಹ್ನದ ನಂತರ ಹಾಜರಾದರೆ ಸಾಮಾನ್ಯವಾಗಿ ಸಂಬಳದ ಲೆಕ್ಕ ಮರುದಿನದಿಂದ ಶುರುವಾಗುವುದರಿಂದ ಆ ಒಂದು ಪದಕ್ಕೆ ಒಂದು ದಿನದ ಬೆಲೆಯಿದೆ. ರಜೆ ಮುಗಿಸಿ ಮರಳಿದಾಗ ‘ರಿಜಾಯಿನ್ಡ್ ಡ್ಯೂಟಿ’, ಸಂಸ್ಥೆ ಬಿಡುವಾಗ ‘ಲೆಫ್ಟ್’, ಸಂಸ್ಥೆಯೇ ಬಿಡುಗಡೆ ಮಾಡಿದಾಗ ‘ರಿಲೀವ್ಡ್’.

ಹಂತ 7: ಜನರ ಜೊತೆ

‘ಜಾಯಿನ್’ ಮುಂದೆ ವ್ಯಕ್ತಿ ಬಂದರೆ ಅವರಿದ್ದಲ್ಲಿಗೆ ಹೋಗಿ ಜೊತೆಯಾಗುವುದು ಎಂದು ಅರ್ಥ. ‘ನೀವು ಮುಂದೆ ಹೋಗಿರ್ರಿ, ನಾ ಗಿಣಿಗೇರಾದಾಗ ಕೂಡ್ಕೋತೀನಿ’ ಎಂಬ ಮಾತು ‘ಯು ಗೋ ಅಹೆಡ್, ಐ ವಿಲ್ ಜಾಯಿನ್ ಯು ಅಟ್ ಗಿಣಿಗೇರಾ’ ಎಂದಾಗುತ್ತದೆ. ‘ಜಾಯಿನ್ ವಿತ್ ಯು’ ಬೇಡ. ಊಟಕ್ಕೆ ಕರೆಯುವಾಗ ‘ಪ್ಲೀಸ್ ಜಾಯಿನ್ ಅಸ್ ಫಾರ್ ಲಂಚ್’. ಯಾವುದಕ್ಕಾಗಿ ಎಂಬುದನ್ನು ‘ಫಾರ್’ ಹೇಳುತ್ತದೆ. ಸಭೆಯಲ್ಲಿ ‘ನನ್ನೊಂದಿಗೆ ನೀವೂ ಇವರನ್ನು ಅಭಿನಂದಿಸಬೇಕು’ ಎನ್ನುವಾಗ ‘ಪ್ಲೀಸ್ ಜಾಯಿನ್ ಮಿ ಇನ್ ಕಂಗ್ರ್ಯಾಚುಲೇಟಿಂಗ್’ ಎಂದು ಹೇಳಿ ಹೆಸರು ಸೇರಿಸಬೇಕು.

‘ಜಾಯಿನ್ ಇನ್’ ಎಂಬುದು ಬೇರೆಯದೇ ಕ್ರಿಯಾಪದವೆಂದು ಭಾವಿಸಿ. ಅದರ ಮುಂದೆ ಬರುವುದು ಸಂಸ್ಥೆಯೂ ಅಲ್ಲ, ವ್ಯಕ್ತಿಯೂ ಅಲ್ಲ, ನಡೆಯುತ್ತಿರುವ ಚಟುವಟಿಕೆ. ಒಬ್ಬರು ಭಜನೆಯ ಪದ ಎತ್ತಿದರು, ಉಳಿದವರು ದನಿಗೂಡಿಸಿದರು ಎಂಬಲ್ಲಿ ‘ಎವ್ರಿಒನ್ ಜಾಯಿನ್ಡ್ ಇನ್’ ಎಂದರೆ ಸಾಕು. ‘ಜಾಯಿನ್ಡ್ ಇನ್ ದ ಸಿಂಗಿಂಗ್’ ಎಂದು ವಿಸ್ತರಿಸಲೂಬಹುದು. ‘ಶಿ ಜಾಯಿನ್ಡ್ ಇನ್ ಬ್ಯಾಂಕ್’ ಎಂಬ ತಪ್ಪು ಕಿವಿಗೆ ವಿಚಿತ್ರವಾಗಿ ಕೇಳುವುದು ಇದಕ್ಕೇ. ಬ್ಯಾಂಕು ಹಾಡೂ ಅಲ್ಲ, ಆಟವೂ ಅಲ್ಲ.

‘ಜಾಯಿನ್ ಅಪ್’ ಎಂದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಸೈನ್ಯ ಸೇರುವುದು. ‘ಜಾಯಿನ್ ವಿತ್’ ಎಂಬುದು ಗಂಭೀರ ಬರವಣಿಗೆಯಲ್ಲಿ ಒಂದು ಉದ್ದೇಶಕ್ಕಾಗಿ ಕೈಗೂಡಿಸುವುದು: ‘ದ ಟೀಚರ್ಸ್ ಜಾಯಿನ್ಡ್ ವಿತ್ ದ ಪೇರೆಂಟ್ಸ್ ಇನ್ ಆಸ್ಕಿಂಗ್ ಫಾರ್ ಅ ಬಸ್.’

ಹಂತ 8: ತಾನಾಗಿ ಸೇರಿತೋ, ಸೇರಿಸಲಾಯಿತೋ?

ನಮ್ಮ ಜಿಲ್ಲೆಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಈ ಪ್ರಶ್ನೆಯನ್ನು ದಾಟಿಕೊಂಡು ಹೋಗುವಂತಿಲ್ಲ. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ರಚನೆಯಾದ ದಿನವೇ, ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಭಾಗವಾಗಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

‘ಬಳ್ಳಾರಿ ಜಾಯಿನ್ಡ್ ಮೈಸೂರು ಸ್ಟೇಟ್’ ಎಂದರೆ ಬಳ್ಳಾರಿ ತಾನೇ ನಿರ್ಧರಿಸಿ ಹೋಗಿ ಸೇರಿದಂತೆ ಧ್ವನಿಸುತ್ತದೆ, ಏಕೆಂದರೆ ಕರ್ಮಪದವನ್ನು ನೇರವಾಗಿ ಹಿಡಿಯುವ ‘ಜಾಯಿನ್’ನಲ್ಲಿ ಕರ್ತೃವಿನ ಇಚ್ಛೆ ಅಡಗಿರುತ್ತದೆ. ಜನರ ಹೋರಾಟವನ್ನು ಎತ್ತಿ ಹೇಳುವ ಭಾಷಣಕ್ಕೆ ಅದು ಹೊಂದಬಹುದು. ಆಡಳಿತಾತ್ಮಕ ಕ್ರಮವನ್ನು ಹೇಳುವುದಾದರೆ ‘ವಾಸ್ ಮರ್ಜ್ಡ್ ವಿತ್’ ಅಥವಾ ‘ವಾಸ್ ಟ್ರಾನ್ಸ್‌ಫರ್ಡ್ ಟು’ ಬೇಕು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಭಾರತದ ಒಕ್ಕೂಟದಲ್ಲಿ ವಿಲೀನವಾದದ್ದನ್ನು ಬರಿಯ ‘ಜಾಯಿನ್ಡ್’ ಎಂದು ಬರೆದರೆ, ನಿಜಾಮರು ಸಂತೋಷದಿಂದ ಬಂದು ಸೇರಿದರು ಎಂಬಂತಾಗಿ ಚರಿತ್ರೆಯೇ ತಿರುಚಿಹೋಗುತ್ತದೆ. ಇಲ್ಲಿ ‘ವಾಸ್ ಇಂಟಿಗ್ರೇಟೆಡ್ ಇನ್‌ಟು’ ಎಂಬುದೇ ಯೋಗ್ಯ.

ಹಂತ 9: ಪದಶಃ ಅರ್ಥಮಾಡಿಕೊಳ್ಳಬಾರದ ಮಾತುಗಳು

‘ಜಾಯಿನ್ ದ ಕ್ಲಬ್’ ಎಂಬುದು ಆಹ್ವಾನವಲ್ಲ. ‘ಎರಡು ತಿಂಗಳಿಂದ ಸಂಬಳ ಆಗಿಲ್ಲ’ ಎಂದು ನೀವು ಹೇಳಿದಾಗ ಎದುರಿನವರು ‘ಜಾಯಿನ್ ದ ಕ್ಲಬ್’ ಎಂದರೆ, ‘ನಮ್ದೂ ಅದ ಹಣೆಬರಾ’ ಎಂದು ಅರ್ಥ. ಸದಸ್ಯತ್ವದ ಶುಲ್ಕ ಎಷ್ಟೆಂದು ಕೇಳಬೇಡಿ. ‘ಜಾಯಿನ್ ದ ಕ್ಯೂ’ ಕೂಡ ಕೆಲವೊಮ್ಮೆ ಇದೇ ದನಿಯಲ್ಲಿ ಬರುತ್ತದೆ.

‘ಜಾಯಿನ್ ಹ್ಯಾಂಡ್ಸ್’ ಎಂದರೆ ಒಬ್ಬರು ಇನ್ನೊಬ್ಬರ ಕೈ ಹಿಡಿಯುವುದು, ಅದರಿಂದ ಮುಂದೆ ಸಹಕರಿಸುವುದು. ನಾವು ಕೈ ಜೋಡಿಸಿ ನಮಸ್ಕರಿಸುವುದಕ್ಕೆ ಭಾರತೀಯ ಇಂಗ್ಲಿಷಿನಲ್ಲಿ ‘ವಿತ್ ಫೋಲ್ಡೆಡ್ ಹ್ಯಾಂಡ್ಸ್’ ಎನ್ನುವ ರೂಢಿಯಿದೆ. ‘ಜಾಯಿನ್ ಫೋರ್ಸಸ್’ ಎಂಬುದು ಬಲ ಒಗ್ಗೂಡಿಸುವುದು. ‘ಜಾಯಿನ್ ದ ಡಾಟ್ಸ್’ ಎಂದರೆ ಬಿಡಿ ಬಿಡಿ ಸಂಗತಿಗಳ ನಡುವಿನ ಸಂಬಂಧವನ್ನು ಕಂಡುಕೊಳ್ಳುವುದು.

ಹಂತ 10: ಮನೆತನದ ಪದಗಳು

‘ಜಾಯಿನ್’ ಲ್ಯಾಟಿನ್ನಿನ ‘ಯುಂಗೆರೆ’ ಎಂಬ ಕ್ರಿಯಾಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಸಂಸ್ಕೃತದ ‘ಯುಜ್’ ಧಾತು ಇದೇ ಮೂಲದ್ದು; ಯೋಗ, ಸಂಯೋಗ, ಯುಕ್ತ, ಯುಗ್ಮ ಎಂಬ ನಮಗೆ ಪರಿಚಿತವಾದ ಪದಗಳು ಹೀಗೆ ‘ಜಾಯಿನ್’ಗೆ ದೂರದ ನೆಂಟರು. ನೊಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಯೋಕ್’ ಕೂಡ ಈ ಬಳಗದ್ದೇ.

ಹತ್ತಿರದ ಬಂಧುಗಳಲ್ಲಿ ಎರಡನ್ನು ಬಳಸಲು ಕಲಿಯಬೇಕು. ‘ಅಡ್ಜಾಯಿನ್’ ಎಂದರೆ ಪಕ್ಕಕ್ಕೆ ಹೊಂದಿಕೊಂಡಿರುವುದು. ಗಂಗಾವತಿ, ಸಿಂಧನೂರು ಕಡೆಯ ಜಮೀನು ಪತ್ರಗಳಲ್ಲಿ ಎಡದಂಡೆ ಕಾಲುವೆಗೆ ಹೊಂದಿಕೊಂಡ ಹೊಲವನ್ನು ವಿವರಿಸುವಾಗ ‘ದ ಫೀಲ್ಡ್ ಅಡ್ಜಾಯಿನ್ಸ್ ದ ಕೆನಾಲ್’ ಎನ್ನಬೇಕು. ‘ಟು’ ಇಲ್ಲಿಯೂ ಬೇಡ. ‘ಎಂಜಾಯಿನ್’ ಕಾನೂನಿನ ಪದ, ಅದರ ನಾಮರೂಪವೇ ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲಿರುವ ‘ಇಂಜಂಕ್ಷನ್’. ‘ಎಂಜಾಯಿನ್ ಅಪಾನ್’ ಎಂದರೆ ಮಾಡು ಎಂದು ವಿಧಿಸುವುದು, ‘ಎಂಜಾಯಿನ್ ಫ್ರಮ್’ ಎಂದರೆ ಮಾಡದಂತೆ ತಡೆಯುವುದು. ಮುಂದಿನ ಒಂದು ಉಪಸರ್ಗ ಬದಲಾದರೆ ಆಜ್ಞೆ ತಡೆಯಾಜ್ಞೆಯಾಗುತ್ತದೆ.

ಕಂಪ್ಯೂಟರ್ ಓದುವವರು ದತ್ತಾಂಶದ ಎರಡು ಕೋಷ್ಟಕಗಳನ್ನು ‘ಜಾಯಿನ್’ ಮಾಡುತ್ತಾರೆ. ಯಾವ ಅಂಕಣದ ಆಧಾರದ ಮೇಲೆ ಎಂಬುದನ್ನು ಹೇಳಲು ಅಲ್ಲಿ ‘ಆನ್’ ಬರುತ್ತದೆ. ಎರಡೂ ಕೋಷ್ಟಕಗಳಲ್ಲಿ ಹೊಂದಿಕೆಯಾಗುವ ಸಾಲುಗಳನ್ನಷ್ಟೇ ಕೊಡುವುದು ‘ಇನ್ನರ್ ಜಾಯಿನ್’; ಎಡಗಡೆಯ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವುದು ‘ಲೆಫ್ಟ್ ಜಾಯಿನ್’.

ಹಂತ 11: ಅಭ್ಯಾಸ

ನೋಟ್‌ಬುಕ್ಕಿನ ಒಂದು ಪುಟವನ್ನು ಉದ್ದಕ್ಕೆ ಮಡಚಿ, ಎಡಗಡೆ ಕನ್ನಡ ವಾಕ್ಯ, ಬಲಗಡೆ ಇಂಗ್ಲಿಷ್ ವಾಕ್ಯ ಬರೆಯಿರಿ. ‘ಜಾಯಿನ್’ ಮುಂದಿನ ಪದದ ಅಡಿಯಲ್ಲಿ ಗೆರೆ ಎಳೆಯಿರಿ. ವಾಕ್ಯಗಳನ್ನು ಪುಸ್ತಕದಿಂದ ಎತ್ತಿಕೊಳ್ಳಬೇಡಿ. ದಿನವಿಡೀ ನೀವೇ ಆಡಿದ ಮಾತುಗಳಲ್ಲಿ ‘ಸೇರು’, ‘ಕೂಡು’, ‘ಜೋಡಿಸು’ ಬಂದವುಗಳನ್ನು ಆರಿಸಿಕೊಳ್ಳಿ.

ಮೊದಲಿಗೆ ಈ ಐದು ವಾಕ್ಯಗಳನ್ನು ತಿದ್ದಿ ನೋಡಿ: ‘ಮೈ ಸಿಸ್ಟರ್ ಜಾಯಿನ್ಡ್ ಟು ನರ್ಸಿಂಗ್ ಕಾಲೇಜ್.’ ‘ಐ ಹ್ಯಾವ್ ಜಾಯಿನ್ಡ್ ದ ಕಂಪನಿ ಇನ್ 2022.’ ‘ವಿ ಜಾಯಿನ್ಡ್ ರಾಯಚೂರು ಅಟ್ ನೈಟ್.’ ‘ಜಾಯಿನ್ ದಿಸ್ ವೈರ್ ದ್ಯಾಟ್ ವೈರ್.’ ‘ದೇ ವರ್ ಪ್ಲೇಯಿಂಗ್ ಕಬಡ್ಡಿ ಆ್ಯಂಡ್ ಐ ಜಾಯಿನ್ಡ್ ಟು.’

ಮೊದಲನೆಯದರಲ್ಲಿ ‘ಟು’ ಹೋಗಿ ‘ಅ’ ಬರಬೇಕು. ಎರಡನೆಯದರಲ್ಲಿ ಇಸವಿ ಇರುವುದರಿಂದ ‘ಹ್ಯಾವ್’ ಹೋಗಬೇಕು. ಮೂರನೆಯದಕ್ಕೆ ‘ರೀಚ್ಡ್’ ಬೇಕು. ನಾಲ್ಕನೆಯದರಲ್ಲಿ ‘ಸೇರಿಸು’ ಇರುವುದರಿಂದ ಎರಡನೆಯ ತಂತಿಗೆ ಮೊದಲು ‘ಟು’ ಬೇಕು. ಐದನೆಯದು ನಡೆಯುತ್ತಿರುವ ಆಟ, ಆದ್ದರಿಂದ ‘ಐ ಜಾಯಿನ್ಡ್ ಇನ್’. ಆಡುವವರನ್ನು ಮುಂದಿಟ್ಟು ಹೇಳುವುದಾದರೆ ‘ಐ ಜಾಯಿನ್ಡ್ ದೆಮ್’ ಎಂದರೂ ಸರಿ.